ಬೆಲ್ಸ್‌ನಿಕಲ್‌ನನ್ನು ಬಾಗಿಲಾಚೆ ನಿಲ್ಲಿಸಿದವರಿಗೆ

ಮಾನ್ಯ ಜಿಲ್ಲಾ ಸುರಕ್ಷತಾ ಅಧಿಕಾರಿಗಳೇ,

ನಮ್ಮ ಕೆಸ್ಲರ್ಸ್ ಗ್ಯಾಪ್ ಊರಿನ ಸ್ವಯಂಸೇವಾ ಅಗ್ನಿಶಾಮಕ ದಳದ ಬಾಗಿಲಿಗೆ ಅಕ್ಟೋಬರ್ ಕೊನೆಯ ವಾರ ತಾವು ಅಂಟಿಸಿಹೋದ ಆದೇಶವನ್ನು ಓದಿದೆ. ಮೂರು ಸಲ ಓದಿದೆ, ಎರಡನೆಯ ಸಲ ಕನ್ನಡಕ ಒರೆಸಿಕೊಂಡು. ಬರುವ ಡಿಸೆಂಬರ್ ಆರರಂದು ದಳದ ಯಾವ ಸದಸ್ಯನೂ 'ಮುಖಕ್ಕೆ ಮಸಿ ಬಳಿದುಕೊಂಡು, ವಿಚಿತ್ರ ವೇಷದಲ್ಲಿ, ಕೈಯಲ್ಲಿ ಕೋಲು ಹಿಡಿದು' ಯಾರ ಮನೆಯನ್ನೂ ಪ್ರವೇಶಿಸತಕ್ಕದ್ದಲ್ಲವಂತೆ. ಚಳಿಗಾಲದ ತಪಾಸಣೆ ಬೇಕಾದವರು ನಮೂನೆ ಹದಿನಾಲ್ಕನ್ನು ಭರ್ತಿ ಮಾಡಿ ಕಳಿಸಿ, ಸಮವಸ್ತ್ರ ಧರಿಸಿದ ತಪಾಸಕರ ದಾರಿ ಕಾಯತಕ್ಕದ್ದಂತೆ. ನೇರವಾಗಿ ಹೇಳುವುದಾದರೆ, ನಮ್ಮ ಬೆಲ್ಸ್‌ನಿಕಲ್‌ನನ್ನು ತಾವು ನಿಷೇಧಿಸಿದ್ದೀರಿ. ಆ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳುವುದಕ್ಕೇ ಈ ಪತ್ರ.

ತಾವು ಬೆಟ್ಟದ ಆ ಕಡೆಯವರು. ಗೋಡೆಯ ಗುಂಡಿ ತಿರುಗಿಸಿದರೆ ಬೆಚ್ಚಗಾಗುವ ಮನೆಯಲ್ಲಿ ಬೆಳೆದವರು. ನಾವು ಇನ್ನೂ ಕಲ್ಲಿದ್ದಲ ಒಲೆ ಹಚ್ಚಿ ಚಳಿ ಕಳೆಯುವವರು. ಬೆಲ್ಸ್‌ನಿಕಲ್ ಎಂದರೆ ಏನೋ ರೋಗದ ಹೆಸರಿರಬೇಕು ಎಂದು ತಮ್ಮ ಕಚೇರಿಯ ಗುಮಾಸ್ತೆಯೊಬ್ಬರು ಅಂದುಕೊಂಡಿದ್ದರಂತೆ. ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಕ್ರಿಸ್‌ಮಸ್ ತಾತ ನಗುನಗುತ್ತಾ ಉಡುಗೊರೆ ಕೊಡುವವನು. ಬೆಲ್ಸ್‌ನಿಕಲ್ ಅವನಿಗಿಂತ ಮೂರು ವಾರ ಮೊದಲೇ ಬಂದು ಬೈಯುವವನು. ಹರಕು ತುಪ್ಪಳದ ಕೋಟನ್ನು ಒಳಹೊರಗು ಮಾಡಿ ತೊಟ್ಟು, ಮುಖಕ್ಕೆ ಮಸಿ ಮೆತ್ತಿಕೊಂಡು, ಕೋಲಿನಿಂದ ಕಿಟಕಿ ಬಡಿದು ಒಳಗೆ ನುಗ್ಗುತ್ತಾನೆ. ನನ್ನ ಬಾಲ್ಯದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ವರ್ಷದ ತಪ್ಪುಗಳನ್ನೆಲ್ಲ ಒಪ್ಪಿಸಿಕೊಳ್ಳುತ್ತಿದ್ದ. ಆಮೇಲೆ ಚೀಲದಿಂದ ಅಕ್ರೋಟುಗಳನ್ನು ನೆಲಕ್ಕೆ ಎರಚುತ್ತಿದ್ದ. ಅಕ್ರೋಟು ಎತ್ತಿಕೊಂಡೆವೋ, ಇನ್ನು ಆ ತಪ್ಪು ಮಾಡುವುದಿಲ್ಲ ಎಂದು ಮಾತು ಕೊಟ್ಟ ಹಾಗೆ. ಅವನಿಗೆ ಬಾಗಿಲು ಮುಚ್ಚುವಂತಿಲ್ಲ, ಎದುರು ಮಾತಾಡುವಂತಿಲ್ಲ. ವೇಷದೊಳಗೆ ಇರುವವನು ಯಾರೆಂದು ಊರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿ ಬಿಡುವಂತಿಲ್ಲ.

ಮೂವತ್ತು ವರ್ಷಗಳ ಹಿಂದೆ ನಮ್ಮ ದಳದವರು ಈ ವೇಷವನ್ನು ತಮ್ಮದಾಗಿಸಿಕೊಂಡರು, ಬೈಗುಳವನ್ನು ಮಕ್ಕಳಿಂದ ದೊಡ್ಡವರ ಕಡೆಗೆ ತಿರುಗಿಸಿದರು. ಹೊಗೆಕೊಳವೆ ತೊಳೆಸಿದ್ದೀಯಾ? ಬೂದಿ ಎಲ್ಲಿ ಸುರಿಯುತ್ತೀಯಾ? ಹೊಗೆ ಬಂದರೆ ಕೂಗುವ ಅಲಾರಂ ಎಲ್ಲಿ ಹೋಯಿತು? ತಾತಂದಿರು, ಅಜ್ಜಿಯಂದಿರು ಅಡುಗೆಮನೆಯಲ್ಲಿ ತಲೆ ತಗ್ಗಿಸಿ ನಿಂತು ಉತ್ತರ ಕೊಡುವುದನ್ನು ನೋಡುವುದೇ ಮಕ್ಕಳಿಗೆ ಹಬ್ಬ. ಈ ಮೂವತ್ತು ಚಳಿಗಾಲಗಳಲ್ಲಿ ನಮ್ಮೂರಲ್ಲಿ ಒಲೆಯಿಂದಾಗಿ ಒಂದು ಜೀವವೂ ಹೋಗಿಲ್ಲ. ಇದು ತಮ್ಮ ಕಡತಗಳಲ್ಲೇ ಇರಬೇಕು. ಬಿಡುವಾದಾಗ ಧೂಳು ಕೊಡವಿ ನೋಡಿ.

ಸಮವಸ್ತ್ರದವರು ಬಂದರೆ ಆಗದೇ ಎಂದು ತಾವು ಕೇಳಬಹುದು. ಆಗದು. ನಾವು ಕಲ್ಲಿದ್ದಲ ಗಣಿಯವರ ಮೊಮ್ಮಕ್ಕಳು. ನಮ್ಮ ಅಜ್ಜಿಯ ಕಾಲದಲ್ಲಿ ಗಣಿ ಕಂಪನಿಯ ಟೋಪಿ ಹಾಕಿದ ಮನುಷ್ಯ ಬಾಗಿಲು ತಟ್ಟಿದನೆಂದರೆ ಆ ಮನೆಯ ಗಂಡಸು ಗಣಿಯಿಂದ ಮೇಲೆ ಬರಲಿಲ್ಲ ಎಂದೇ ಅರ್ಥ. ಆ ಭಯ ಇನ್ನೂ ನಮ್ಮ ಬಾಗಿಲುಗಳಲ್ಲಿ ಉಳಿದುಕೊಂಡಿದೆ. ಅದರ ಮೇಲೆ ಹುಟ್ಟಾ ಮೊಂಡುತನ ಬೇರೆ. ತಾವು ನಾನೂರು ಮನೆಗಳಿಗೆ ಕಳಿಸಿದ ನಮೂನೆ ಹದಿನಾಲ್ಕರಲ್ಲಿ ಭರ್ತಿಯಾಗಿ ವಾಪಸು ಬಂದವು ಹನ್ನೊಂದು, ಅದರಲ್ಲಿ ಒಂದು ಚರ್ಚಿನದು. ಉಳಿದವು ಎಲ್ಲಿ ಹೋದವು ಎಂಬುದನ್ನು ಮುಂದೆ ಹೇಳುತ್ತೇನೆ.

ಈಗ ನನ್ನದೇ ಕಥೆ. ನನಗೆ ಎಪ್ಪತ್ತೊಂದು. ಊರಿನ ಶಾಲೆಯ ಊಟದ ಮನೆಯಲ್ಲಿ ಮೂವತ್ತೈದು ವರ್ಷ ಅಡುಗೆ ಮಾಡಿದವಳು. ಐದು ವರ್ಷ ದೊಡ್ಡವಳಾದ ಅಕ್ಕ ಓರ್ಫಾಳ ಜೊತೆ ಇದ್ದೇನೆ. ಕಳೆದ ವರ್ಷ ಡಿಸೆಂಬರ್ ಆರು, ಶುಕ್ರವಾರ ಮಧ್ಯಾಹ್ನ ಮೂರೂವರೆ. ನಾನು ಒಲೆಯಲ್ಲಿ ಕಾಕಂಬಿ ಪೈ ಇಟ್ಟು, ಟೀವಿಯಲ್ಲಿ ಬಹುಮಾನದ ಆಟ ನೋಡುತ್ತಾ ಕೂತಿದ್ದೆ. ಕಿಟಕಿಯ ಮೇಲೆ ಕೋಲಿನ ಏಟು ಬಿತ್ತು. ಓರ್ಫಾ ಚಿಕ್ಕ ಹುಡುಗಿಯಂತೆ ಎದ್ದು ಓಡಿ ಬಾಗಿಲು ತೆಗೆದಳು. ಒಳಗೆ ಬಂದವನು ಟೀವಿಗೆ ಅಡ್ಡ ನಿಂತ. ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ.

"ಏ ಮುದುಕಿ, ಅಲಾರಂ ಎಲ್ಲೇ?" ಎಂದ.

"ಡ್ರಾಯರ್‌ನಲ್ಲಿ ಇಟ್ಟಿದೀನಿ."

"ಡ್ರಾಯರ್‌ನಲ್ಲಿ ಅದಕ್ಕೇನ್ ಕೆಲ್ಸ?"

"ಹಂದಿಮಾಂಸ ಹುರಿದಾಗೆಲ್ಲ ಕಿರುಚ್ಕೊಳ್ಳತ್ತೆ. ಅದಕ್ಕೇ ಟವೆಲ್ ಸುತ್ತಿ ಮಲಗ್ಸಿದೀನಿ."

"ತೊಟ್ಟಿಲು ಬೇರೆ ಕಟ್ಬೇಕಿತ್ತು!" ಎಂದು ಓರ್ಫಾಳ ಕಡೆ ತಿರುಗಿದ. "ನೀನಾದ್ರೂ ಹೇಳ್ಬಾರ್ದಾ?"

"ನನ್ ಮಾತು ಈ ಮನೇಲಿ ಯಾರ್ ಕೇಳ್ತಾರಪ್ಪಾ?" ಎಂದಳು ನನ್ನಕ್ಕ, ಎಪ್ಪತ್ತು ವರ್ಷಗಳ ದೂರನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾ.

ಆಮೇಲೆ ಅವನು ಹೊಗೆಕೊಳವೆಯನ್ನು ಕೋಲಿನ ಹಿಡಿಯಿಂದ ಮೇಲಿನಿಂದ ಕೆಳಗಿನವರೆಗೆ ಬಡಿಯುತ್ತಾ ಬಂದ. ಅದು ಹುಚ್ಚಾಟವಲ್ಲ, ಮಾನ್ಯರೇ, ಅವರ ಕೆಲಸದ ರೀತಿ. ಶುದ್ಧವಾಗಿರುವ ಕೊಳವೆ ಟಣ್ ಎನ್ನುತ್ತದೆ. ಬೂದಿ ಕಟ್ಟಿಕೊಂಡದ್ದು ದಪ್ ಎನ್ನುತ್ತದೆ. ನಮ್ಮದು ಮೇಲೆ ಬಾಗುವ ಜಾಗದ ಹತ್ತಿರ ದಪ್ ಎಂದಿತು. "ನಾಳೇನೇ ಬಿಚ್ಚಿ ತೊಳ್ಸು. ದಳದವ್ರಿಗೆ ಹೇಳಿದ್ರೆ ಅವ್ರೇ ಬಂದು ಮಾಡ್ಕೊಡ್ತಾರೆ," ಎಂದ. ಆಗಲಿ ಎನ್ನಲು ನನ್ನ ಕುತ್ತಿಗೆ ಬಗ್ಗಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಹಿಂಬಾಗಿಲಿನ ಜಗಲಿಗೆ ಹೋಗಿ ನನ್ನ ಬೂದಿ ಪೆಟ್ಟಿಗೆ ಹಿಡಿದುಕೊಂಡು ನಿಂತ. ನಮ್ಮೂರಲ್ಲಿ ಒಲೆಯ ಬೂದಿಯನ್ನು ಯಾರೂ ಬಿಸಾಡುವುದಿಲ್ಲ, ಹೆಪ್ಪುಗಟ್ಟಿದ ದಾರಿಯ ಮೇಲೆ ಚೆಲ್ಲುತ್ತೇವೆ. ನಾನಂತೂ ಅಂಚೆಯವಳು ಜಾರಿ ಬೀಳಬಾರದೆಂದು ದಿನಾ ಬೂದಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಮರದ ಜಗಲಿಯ ಮೇಲೇ ಇಟ್ಟುಕೊಳ್ಳುತ್ತಿದ್ದೆ. ಇದು ನನ್ನ ಉಪಕಾರಬುದ್ಧಿ ಎಂದು ಹೆಮ್ಮೆಪಡುತ್ತಿದ್ದೆ ಕೂಡ.

"ಎರಡು ದಿನದ ಬೂದಿ ಅದು, ಯಾವತ್ತೋ ಆರ್‌ಹೋಗಿದೆ," ಎಂದೆ.

ಅವನು ಪೆಟ್ಟಿಗೆಯನ್ನು ಅಂಗಳದ ಹಿಮದ ಮೇಲೆ ಕವುಚಿದ. ಹಿಮ ಚುಂಯ್ ಎಂದಿತು, ಹಬೆ ಎದ್ದಿತು. ನಡುವೆ ನಾಲ್ಕು ಕೆಂಡ ನನ್ನನ್ನೇ ನೋಡುತ್ತಿದ್ದವು. "ಅಂಚೆಯವಳು ಬೀಳ್ದೇ ಇರ್ಲಿ ಅಂತ ಮನೇನೇ ಸುಡೋ ಯೋಚ್ನೇನಾ? ಮುಚ್ಚಳ ಇರೋ ತಗಡಿನ ಡಬ್ಬಿ ತಗೊಂಡು ಮನೆಯಿಂದ ದೂರ ಇಡು," ಎಂದ. ಒಳಗೆ ಬಂದು, ಹೊಗೆಗೂ ಒಲೆಯ ವಿಷಗಾಳಿಗೂ ಕೂಗುವ ಹೊಸ ಅಲಾರಂ ಒಂದನ್ನು ಗೋಡೆಯ ತುತ್ತತುದಿಗೆ ಬಡಿದ. "ಅಷ್ಟು ಮೇಲ್ಯಾಕೆ?" ಎಂದರೆ, "ನಿನ್ ಟವೆಲ್ಲು ಎಟುಕ್ದೇ ಇರ್ಲಿ ಅಂತ," ಎಂದ. ನೆಲದ ಮೇಲೆ ಅಕ್ರೋಟು ಎರಚಿ ಹೊರಟೇಹೋದ. ಅಷ್ಟರಲ್ಲಿ ಪೈ ತಳಹಿಡಿದಿತ್ತು. ಓರ್ಫಾ ಬಗ್ಗಿ ಒಂದು ಅಕ್ರೋಟು ಎತ್ತಿಕೊಂಡು ಜೇಬಿಗೆ ಹಾಕಿಕೊಂಡಳು. ನಾನು ಮುಟ್ಟಲಿಲ್ಲ. ಒಂದನ್ನು ಕಾಲಿನಿಂದ ಸೋಫಾದ ಕೆಳಕ್ಕೆ ಒದ್ದೆ. ಆ ಸಂಜೆ ಸಿಟ್ಟಿನ ಭರದಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದೆ. ಅದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು, ತಡೆಯಿರಿ.

ಮೂರು ದಿನ ಕಳೆದು ಸೋಮವಾರ ಬಂತು. ಚಳಿ ದಿಢೀರನೆ ಸಡಿಲವಾಗಿ, ಹಿಮ ಕರಗಿ, ಕಣಿವೆಯ ತುಂಬ ಮಂಜು ಕವಿದಿತ್ತು. ಇಂಥ ಹವೆಯಲ್ಲಿ ಚಿಮಣಿ ಹೊಗೆಯನ್ನು ಸರಿಯಾಗಿ ಮೇಲಕ್ಕೆ ಎಳೆಯುವುದಿಲ್ಲ ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಕೊಳವೆ ತೊಳೆಸಿರಲಿಲ್ಲ. ಹೇಳಿದವನು ಅವನಲ್ಲವೇ, ಹೇಗೆ ತೊಳೆಸಲಿ! ಬೆಳಿಗ್ಗೆ ಹತ್ತು ಗಂಟೆಗೆ ಓರ್ಫಾ ತಲೆನೋವು ಎಂದು ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದಳು. ಆಗ ಗೋಡೆಯ ಮೇಲಿನ ಅಲಾರಂ ಕಿರುಚಿಕೊಂಡಿತು. ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಟವೆಲ್ ತಂದದ್ದು. ಎಟುಕಲಿಲ್ಲ. ಹಿಡಿಶಾಪ ಹಾಕುತ್ತಾ ಸ್ಟೂಲು ಎಳೆದುಕೊಂಡು ಒಂದು ಕಾಲಿಟ್ಟೆ. ತಲೆ ತಿರುಗಿತು. ಮನೆಯಲ್ಲಿ ಆವತ್ತು ಯಾವ ಹಂದಿಮಾಂಸವೂ ಹುರಿಯುತ್ತಿಲ್ಲ ಎಂಬುದು ಆಗ ಹೊಳೆಯಿತು. ಕೊಳವೆ ಕಟ್ಟಿಕೊಂಡಾಗ ಒಲೆಯಿಂದ ಮನೆಯೊಳಕ್ಕೆ ತಿರುಗುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬಂದಂತೆ ಬಂದು ಕರೆದುಕೊಂಡು ಹೋಗುತ್ತದೆ.

ಓರ್ಫಾಳನ್ನು ತೋಳು ಹಿಡಿದು ಎಬ್ಬಿಸಿದೆ. "ಬಿಡೇ, ಒಂದ್ ಗಳಿಗೆ ಮಲಗ್ತೀನಿ," ಎಂದಳು. ಜೀವನದಲ್ಲಿ ಮೊದಲ ಸಲ ಅಕ್ಕನ ಕೆನ್ನೆಗೆ ಹೊಡೆದೆ. ಅರ್ಧ ಎಳೆದುಕೊಂಡು, ಅರ್ಧ ಹೊತ್ತುಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂರಿಸಿ ಫೋನು ಮಾಡಿದೆ. ದಳದ ಮಾಡಿನ ಮೇಲಿನ ಸೈರನ್ ಕಣಿವೆಯುದ್ದಕ್ಕೂ ಊಳಿಟ್ಟಿತು. ಏಳು ನಿಮಿಷದಲ್ಲಿ ಬಂದರು. ಔಷಧಿ ಅಂಗಡಿಯವನು ಬಿಳಿ ಕೋಟಿನಲ್ಲೇ ಬಂದ, ಕೋಳಿ ಸಾಕುವ ಹೆಂಗಸು ಗಂಬೂಟಿನಲ್ಲಿ ಬಂದಳು. ದಳದ ಮುಖ್ಯಸ್ಥ ಲಾಮಾರ್ ಜರ್ಬಿ ಶಾಲಾ ಬಸ್ಸಿನ ಅಡಿಯಿಂದ ಎದ್ದು ಬಂದಿದ್ದ, ಮೊಣಕೈವರೆಗೂ ಎಣ್ಣೆ. ಇವರಲ್ಲಿ ಯಾರಿಗೂ ಸಂಬಳವಿಲ್ಲ, ಮಾನ್ಯರೇ. ಸೈರನ್ ಕೂಗಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬರುತ್ತಾರೆ, ಅಷ್ಟೇ.

ಓರ್ಫಾಳ ಮೂಗಿಗೆ ಆಮ್ಲಜನಕ ಹಚ್ಚಿದರು. ಒಲೆಯ ಕೆಂಡ ಹೊರಗೆ ಹಾಕಿದರು. ಕೊಳವೆ ಬಿಚ್ಚಿದಾಗ ಒಂದು ಬಕೆಟ್ ಬೂದಿ ಬಿತ್ತು, ಸರಿಯಾಗಿ ದಪ್ ಎಂದ ಜಾಗದಿಂದಲೇ. 'ಹೇಳಿರಲಿಲ್ಲವೇ' ಎಂದು ಯಾರೂ ಅನ್ನಲಿಲ್ಲ. ಲಾಮಾರ್ ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತ. ಶಾಲೆಯಲ್ಲಿ ನನ್ನ ಕೈಯಿಂದ ಎರಡೆರಡು ಸಲ ಸೂಪ್ ಹಾಕಿಸಿಕೊಂಡು ತಿಂದವನು. ಅವನ ಕಿವಿಯ ಹಿಂದೆ ಮಸಿಯ ಗುರುತು ಇನ್ನೂ ಪೂರ್ತಿ ಹೋಗಿರಲಿಲ್ಲ. ಅದು ಎಲ್ಲಿಯ ಮಸಿ ಎಂದು ನಾನು ಕೇಳಲಿಲ್ಲ.

"ವೆರ್ನಾ ಆಂಟಿ, ಶುಕ್ರವಾರ ಯಾರೋ ಬಂದಿದ್ರಂತೆ. ಅಕ್ರೋಟು ಎತ್ಕೊಂಡ್ರಾ?" ಎಂದ.

ಓರ್ಫಾ ಮುಖದಿಂದ ಆಮ್ಲಜನಕದ ಬಟ್ಟಲನ್ನು ಸರಿಸಿ, "ನಾನು ಎತ್ಕೊಂಡೆ ಕಣೋ. ಇವಳು ಒದ್ದಳು!" ಎಂದಳು. ಮತ್ತೆ ಬಟ್ಟಲು ಹಾಕಿಕೊಂಡಳು. ಅವಳಿಗೆ ಏನೂ ಆಗಿಲ್ಲ ಎಂದು ಆಗ ನಂಬಿಕೆ ಬಂತು. ನಾನು ಅಲ್ಲೇ ಕೂತು ಗೊಳೋ ಎಂದು ಅತ್ತೆ.

ಆ ಸಂಜೆಯೇ ಸೋಫಾದ ಕೆಳಗೆ ಹೊಟ್ಟೆಯ ಮೇಲೆ ತೆವಳಿ ಆ ಅಕ್ರೋಟನ್ನು ಹುಡುಕಿ ತೆಗೆದೆ. ತಗಡಿನ ಡಬ್ಬಿ ಕೊಂಡೆ. ಕೊಳವೆ ಈಗ ಚರ್ಚಿನ ಗಂಟೆಯ ಹಾಗೆ ಟಣ್ ಎನ್ನುತ್ತದೆ. ಮಾಡಬೇಕಾಗಿದ್ದ ಒಂದೇ ಒಂದು ಕೆಲಸ ಮಾತ್ರ ಮರೆತೆ.

ಈ ಅಕ್ಟೋಬರಿನ ಕೊನೆಯ ಗುರುವಾರ ದಳದ ಕಟ್ಟಡದಲ್ಲಿ ಬಿಂಗೋ ಆಟ, ಹಂದಿಮಾಂಸ ಅವರೆಕಾಳಿನ ಸೂಪು. ಆಟದ ನಡುವೆ ಲಾಮಾರ್ ಎದ್ದುನಿಂತು ತಮ್ಮ ಆದೇಶವನ್ನು ಗಟ್ಟಿಯಾಗಿ ಓದಿದ. ನಾಗರಿಕರೊಬ್ಬರ ದೂರಿನ ಮೇರೆಗೆ ಈ ಕ್ರಮ ಎಂದು ಬರೆದು, ಆ ದೂರಿನ ಒಂದು ಸಾಲನ್ನೂ ತಾವು ಎತ್ತಿ ಹಾಕಿದ್ದಿರಿ. 'ಕರಡಿಯ ಕೋಟು ತೊಟ್ಟ, ಒರಟು ನಾಲಿಗೆಯ ಒಂದು ಅನಾಗರಿಕ ಪ್ರಾಣಿ ನಮ್ಮ ಮನೆಗೆ ನುಗ್ಗಿ, ನಿರಪರಾಧಿಯಾದ ನಮ್ಮ ಒಲೆಯನ್ನು ಥಳಿಸಿತು.' ಸೂಪಿನ ಚಮಚ ನನ್ನ ಬಾಯಲ್ಲೇ ನಿಂತಿತು. ಆ ಸಾಲು ಬರೆದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತು! ಗಟ್ಟಿಯಾಗಿ ಎರಡು ಸಲ ಓದಿಕೊಂಡಿದ್ದೆ. ಹೌದು, ಮಾನ್ಯರೇ. ಆ ಶುಕ್ರವಾರ ಸಂಜೆ ತಮಗೆ ದೂರು ಬರೆದವಳು ನಾನೇ. ಶನಿವಾರ ಬೆಳಿಗ್ಗೆ ಅಂಚೆಪೆಟ್ಟಿಗೆಗೆ ಹಾಕಿ ಬಂದವಳು ಓರ್ಫಾ. ಒಳಗೇನಿದೆ ಎಂದು ನಾನು ಅವಳಿಗೆ ಹೇಳಿರಲಿಲ್ಲ. ಹಿಂದಕ್ಕೆ ಪಡೆಯಲು ನಾನು ಮರೆತದ್ದು ಅದನ್ನೇ.

"ಯಾವ್ ದರಿದ್ರದೋಳು ಬರ್ದಿದಾಳೋ, ಅವಳ ಒಲೆ ಆರ್‌ಹೋಗ!" ಎಂದಳು ನನ್ನ ಪಕ್ಕ ಕೂತಿದ್ದ ಕೋಳಿ ಹೆಂಗಸು.

"ಆರ್‌ಹೋಗ್ಲಿ!" ಎಂದೆ ನಾನೂ, ಎಲ್ಲರಿಗಿಂತ ಜೋರಾಗಿ.

ಓರ್ಫಾ ನನ್ನ ಕಡೆ ಒಂದು ನೋಟ ಬೀರಿದಳು. 'ನಿರಪರಾಧಿಯಾದ ಒಲೆ' ಎಂದು ಈ ಭೂಮಿಯ ಮೇಲೆ ಬರೆಯುವವಳು ಒಬ್ಬಳೇ ಎಂದು ಅವಳಿಗೆ ಗೊತ್ತು. ಆವತ್ತಿನಿಂದ ಅವಳು ನನಗೆ ಕಾಫಿ ಮಾಡಿಕೊಡುತ್ತಿಲ್ಲ.

ಮಾರನೆಯ ದಿನವೇ ಬಸ್ಸು ಹತ್ತಿ ಬೆಟ್ಟ ದಾಟಿ ತಮ್ಮ ಕಚೇರಿಗೆ ಬಂದೆ. ದೂರನ್ನು ಕೊಟ್ಟವರು ಮಾತ್ರ ವಾಪಸು ಪಡೆಯಬಹುದು ಎಂದರು ಗುಮಾಸ್ತೆ. "ನಾನೇ ಕಣಮ್ಮಾ ಕೊಟ್ಟಿದ್ದು," ಎಂದೆ. ಆಕೆ ಕಡತ ತಿರುವಿ, "ಇದ್ರಲ್ಲಿ ಹೆಸ್ರೇ ಇಲ್ವಲ್ಲಾ, 'ನೊಂದ ನಾಗರಿಕಳು' ಅಂತಷ್ಟೇ ಇದೆ. ನೊಂದ ನಾಗರಿಕಳು ನೀವೇ ಅನ್ನೋದಕ್ಕೆ ಗುರುತಿನ ಚೀಟಿ ಏನಾದ್ರೂ ಇದ್ಯಾ?" ಎಂದರು. ನನ್ನ ಹತ್ತಿರ ಗ್ರಂಥಾಲಯದ ಚೀಟಿ ಇತ್ತು, ರಕ್ತದ ಗುಂಪಿನ ಚೀಟಿ ಇತ್ತು. ನೊಂದವಳೆಂಬ ಚೀಟಿಯನ್ನು ಸರ್ಕಾರ ಎಲ್ಲಿ ಕೊಡುತ್ತದೆ?

ಅಷ್ಟರಲ್ಲಿ ತಾವೇ ಬಂದು ನನ್ನನ್ನು ಒಳಗೆ ಕರೆದು ಕೂರಿಸಿದಿರಿ. ಮರ್ಯಾದಸ್ಥರು, ಇಲ್ಲವೆನ್ನುವುದಿಲ್ಲ. "ನೋಡಿ ಅಮ್ಮಾ, ಆ ದೂರು ತೃಪ್ತಿಕರವಾಗಿ ಇತ್ಯರ್ಥ ಆಗಿದೆ," ಎಂದಿರಿ. ಯಾರಿಗೆ ತೃಪ್ತಿ ಎಂದು ಕೇಳಿದೆ. ತಾವು ಪೆನ್ನಿನ ಮುಚ್ಚಳ ಹಾಕಿದಿರಿ. ನಾನು ತಲೆ ಬಗ್ಗಿಸಿದೆ, ಆಗ ತಮ್ಮ ಮೇಜಿನ ಕೆಳಗೆ ಕಂಡದ್ದನ್ನು ಹೇಳದೆ ಇರಲಾರೆ. ವಿದ್ಯುತ್ ಹೀಟರ್ ಒಂದು ಕೆಂಪಗೆ ಉರಿಯುತ್ತಿತ್ತು. ಅದರ ವೈರು ನೆಲಹಾಸಿನ ಕೆಳಗಿನಿಂದ ಹಾದು, ಇನ್ನೊಂದು ಸಣಕಲು ವೈರಿಗೆ ಸೇರಿ, ಗೋಡೆ ತಲುಪಿತ್ತು. ಹೀಟರಿನ ತಲೆಯ ಮೇಲೆ ತಮ್ಮ ಕೈಗವಸುಗಳು ಒಣಗುತ್ತಿದ್ದವು. ಅದರ ಬೆನ್ನಿಗೆ ಒರಗಿಸಿಟ್ಟ ಕಾಗದದ ಕಟ್ಟು ನಮೂನೆ ಹದಿನಾಲ್ಕರದು. ಇಷ್ಟನ್ನು ಸಮವಸ್ತ್ರದ ತಪಾಸಕರು ದಿನಾ ದಾಟಿ ಓಡಾಡುತ್ತಿದ್ದರೂ ಯಾರಿಗೂ ಕಂಡಿಲ್ಲವೇ? ಕಂಡಿರಬಹುದು. ಮೇಲಧಿಕಾರಿಯನ್ನು ಬೈಯುವುದಕ್ಕೆ ಮುಖಕ್ಕೆ ಮಸಿ ಬೇಕು, ಮಾನ್ಯರೇ.

ಇದೆಲ್ಲ ನಗುವಿಗೆ ಎಂದುಕೊಳ್ಳಬೇಡಿ. ನಮ್ಮ ಮನೆಯಿಂದ ಮೇಲಕ್ಕೆ ಎರಡನೆಯ ಮನೆಯಲ್ಲಿ ಕ್ಲೇಟನ್ ರೀಡಿ ಇದ್ದಾನೆ. ಎಂಬತ್ತೆರಡು ವರ್ಷ, ಒಂಟಿ, ಗಣಿಯಲ್ಲಿ ಸವೆದ ಶ್ವಾಸಕೋಶ. ಒಲೆ ನಮ್ಮದಕ್ಕಿಂತ ಹಳೆಯದು. ಹೋದ ವಾರ ಅವನ ಚಿಮಣಿಯ ಹೊಗೆ ಮೇಲೇಳದೆ ಮಾಡಿನ ಮೇಲೇ ಹರಡುತ್ತಿತ್ತು. ಪೈ ಹಿಡಿದುಕೊಂಡು ಹೋದೆ. ಬಾಗಿಲು ನಾಲ್ಕು ಬೆರಳು ತೆರೆಯಿತು.

"ಪೈ ಒಳಗ್ ಬರ್ಲಿ, ನೀನ್ ಬೇಡ," ಎಂದ.

"ಕ್ಲೇಟನ್, ನಿನ್ ಕೊಳವೆ ಒಂದ್ಸಲ ಬಿಚ್ಚಿ ನೋಡ್ಬೇಕು ಕಣೋ."

"ನಿಂದು ಬಿಚ್ಚಿದ್ದು ಊರಿಗೆಲ್ಲಾ ಗೊತ್ತು, ಹೋಗ್."

"ಜಿಲ್ಲಾ ಕಚೇರಿಯಿಂದ ನಮೂನೆ ಬಂದಿತ್ತಲ್ಲಾ?"

"ಬಂದಿತ್ತು. ಚೆನ್ನಾಗ್ ಹತ್ಕೊಳ್ತು. ಇನ್ನೂ ಎರಡಿದ್ರೆ ಕಳಿಸೋಕ್ ಹೇಳು." ಆಮೇಲೆ ಬಾಗಿಲು ಮುಚ್ಚುತ್ತಾ ಅಂದ, "ಆರನೇ ತಾರೀಕು ಅವನು ಬರ್ತಾನಲ್ಲ, ನೋಡ್ಕೊತಾನೆ ಬಿಡು."

ಬಾಗಿಲ ಸಂದಿಯಲ್ಲಿ ನನಗೆ ಕಂಡಿತು: ಒಲೆಯ ಪಕ್ಕ ಒಂದು ಕುರ್ಚಿ ಒರೆಸಿ ಇಟ್ಟಿದ್ದ. ವರ್ಷಕ್ಕೆ ಒಂದೇ ಸಲ ಆ ಮನೆಗೆ ಒಬ್ಬರು ಬರುವುದು. ಅವನು ಕಾಯುತ್ತಿದ್ದಾನೆ. ಬೆಲ್ಸ್‌ನಿಕಲ್ ಬರುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಅವನು ಬಾರದಂತೆ ಮಾಡಿದವಳು ನಾನು. ಕಳೆದ ವರ್ಷ ಅಲಾರಂ ನನ್ನ ಕೈಗೆ ಎಟುಕದಂತೆ ಯಾರೋ ನೋಡಿಕೊಂಡಿದ್ದರು. ಕ್ಲೇಟನ್ನನ ವಿಷಯದಲ್ಲಿ ಹಾಗೆ ನೋಡಿಕೊಳ್ಳಬೇಕಾದವರು ಈಗ ತಾವು ಮತ್ತು ನಾನು.

ಆದ್ದರಿಂದ ನನ್ನ ಬೇಡಿಕೆ ಒಂದೇ. ದೂರು ನನ್ನದು, ಹಿಂದಕ್ಕೆ ಕೊಡಿ. ಗುರುತು ಬೇಕಲ್ಲವೇ? ತಮ್ಮ ಕಡತದಲ್ಲಿರುವ ಪತ್ರದ ಮೇಲಂಚಿನಲ್ಲಿ ಕೆಂಪು ಹುಂಜದ ಚಿತ್ರವಿದೆ, ಎರಡನೆಯ ಪುಟದಲ್ಲಿ ಕಾಕಂಬಿಯ ಹೆಬ್ಬೆರಳ ಗುರುತಿದೆ. ಈ ಪತ್ರವೂ ಅದೇ ಹುಂಜದ ಪುಸ್ತಕದ ಹಾಳೆಯ ಮೇಲಿದೆ, ಹೆಬ್ಬೆರಳನ್ನೂ ಕಾಕಂಬಿಯಲ್ಲಿ ಅದ್ದಿ ಒತ್ತಿದ್ದೇನೆ. ಹೋಲಿಸಿ ನೋಡಿಕೊಳ್ಳಿ. ದೂರು ಹೋದ ಮೇಲೆ ಆದೇಶಕ್ಕೆ ಕಾಲಿಲ್ಲ. ಡಿಸೆಂಬರ್ ಆರರೊಳಗೆ ಅದನ್ನು ರದ್ದು ಮಾಡಿ.

ಇದೇ ಪತ್ರವನ್ನು ನಮ್ಮ ವಾರಪತ್ರಿಕೆಗೂ ಕೊಡುತ್ತಿದ್ದೇನೆ. ಊರೆಲ್ಲ ಓದಲಿ. ಲಾಮಾರ್, ನೀನೂ ಓದುತ್ತೀಯ. ಆ ಕರಡಿಕೋಟಿನವನು ಎಲ್ಲಾದರೂ ಸಿಕ್ಕರೆ ಹೇಳಪ್ಪಾ, ಅನಾಗರಿಕ ಪ್ರಾಣಿ ಎಂದವಳು ವೆರ್ನಾ, ತಪ್ಪಾಯಿತು ಎಂದಳು ಅಂತ. ಗುರುವಾರ ಬಿಂಗೋಗೆ ನಾನು ಬರಬಹುದೋ ಬೇಡವೋ ಎಂಬುದನ್ನೂ ಹೇಳಿ ಕಳಿಸು.

ಕೊನೆಯದಾಗಿ, ಅಧಿಕಾರಿಗಳೇ, ತಮಗೆ ಕಳಿಸಿದ ಲಕೋಟೆಯಲ್ಲಿ ಒಂದು ಅಕ್ರೋಟು ಇಟ್ಟಿದ್ದೆ, ಸೋಫಾದ ಕೆಳಗಿನದೇ. ಪತ್ರ ಬಿಚ್ಚಿದಾಗ ಅದು ಉರುಳಿ ನೆಲಕ್ಕೆ ಬಿದ್ದಿರುತ್ತದೆ. ತಾವು ಅಚ್ಚುಕಟ್ಟಿನವರು. ಇದೇನಪ್ಪಾ ಎಂದು ಬಗ್ಗಿ ಎತ್ತಿಕೊಂಡಿರುತ್ತೀರಿ, ಬಗ್ಗಿದಾಗ ಹೀಟರನ್ನೂ ಕಂಡಿರುತ್ತೀರಿ. ಈಗ ಓದುತ್ತಿರುವಾಗ ಅದು ತಮ್ಮ ಕೈಯಲ್ಲೇ ಇರಬೇಕು. ಎತ್ತಿಕೊಂಡರೆ ಏನರ್ಥವೆಂದು ನಾನು ಮೊದಲೇ ಹೇಳಿದ್ದೇನೆ.

ಇಂತಿ,
ತಮ್ಮ ಕಡತದ 'ನೊಂದ ನಾಗರಿಕಳು',
ಅಕ್ಕನ ಕೈಯ ಕಾಫಿ ಇಲ್ಲದೆ ಈಗ ನಿಜಕ್ಕೂ ನೊಂದಿರುವ
ವೆರ್ನಾ ಡೈಬರ್ಟ್
ಕೆಸ್ಲರ್ಸ್ ಗ್ಯಾಪ್, ಪೆನ್ಸಿಲ್ವೇನಿಯಾ